ಹನ್ನೊಂದು ಗಂಟೆಯ ಬೀದಿ

ಅಂಚೆಯಣ್ಣ ಆ ಬೀದಿಗೆ ಕಾಲಿಟ್ಟನೆಂದರೆ ಸರಿಯಾಗಿ ಹನ್ನೊಂದು ಗಂಟೆ. ಇಪ್ಪತ್ತಾರು ವರ್ಷಗಳಲ್ಲಿ ಇದು ತಪ್ಪಿದ್ದು ಬೆರಳೆಣಿಕೆಯಷ್ಟು ಸಲ. ಬೀದಿಯವರು ಅವನಿಗೆ ‘ಹನ್ನೊಂದು’ ಎಂದೇ ಅಡ್ಡಹೆಸರಿಟ್ಟಿದ್ದರು. “ಹನ್ನೊಂದು ಬಂದ್ರು, ಒಲೆ ಹಚ್ಚು” ಎಂದು ಒಳಗಿನಿಂದ ಯಾರಾದರೂ ಕೂಗಿದರೆ ಅವನಿಗೆ ಒಳಗೊಳಗೇ ಖುಷಿ. ಗಡಿಯಾರದ ಬದಲು ತನ್ನನ್ನು ನೋಡುತ್ತಾರಲ್ಲ ಎಂದು.

ಊರಲ್ಲಿ ಮನೆ ಹುಡುಕುವವರೆಲ್ಲ ಮೊದಲು ಅವನನ್ನೇ ಕೇಳುತ್ತಿದ್ದರು. ಯಾವ ಬೀದಿಯಲ್ಲಿ ಮೋರಿ ಕಟ್ಟಿಕೊಳ್ಳುತ್ತದೆ, ಯಾವ ಓಣಿಯ ನಾಯಿ ಕಚ್ಚುತ್ತದೆ, ಯಾವ ಮನೆಯ ಅತ್ತೆ ಸೊಸೆಯ ಜಗಳ ಮೂರು ಮನೆಯಾಚೆಗೂ ಕೇಳುತ್ತದೆ, ಎಲ್ಲ ಅವನ ನಾಲಿಗೆಯ ತುದಿಯಲ್ಲಿ. “ಬೀದಿಯ ಯೋಗ್ಯತೆ ತಿಳಿಯೋಕೆ ಮನೆ ಒಳಗೆ ಹೋಗಬೇಕಾಗಿಲ್ಲ. ಗೇಟು ನೋಡಿದ್ರೆ ಸಾಕು” ಎನ್ನುತ್ತಿದ್ದ. ಅವನ ಮಾತು ಕೇಳಿ ಮನೆ ಹಿಡಿದ ನಾಲ್ಕು ಸಂಸಾರಗಳು ಸುಖವಾಗಿಯೂ ಇದ್ದವು. ಹಾಗಾಗಿ ಜಂಬ ಸ್ವಲ್ಪ ಹೆಚ್ಚೇ ಆಗಿತ್ತು ಎನ್ನಿ.

ಅವನು ಮಾತ್ರ ಹದಿನೆಂಟು ವರ್ಷದಿಂದ ಬಸ್ ನಿಲ್ದಾಣದ ಎದುರು, ವೆಲ್ಡಿಂಗ್ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಬಾಡಿಗೆಗಿದ್ದ. ಕಿಟಕಿ ತೆಗೆದರೆ ಬಸ್ಸಿನ ಹೊಗೆ, ಮುಚ್ಚಿದರೆ ಕೆಳಗಿನ ಅಂಗಡಿಯ ಹೊಗೆ. ಹೆಂಡತಿ ನೂಲಿನ ಗಿರಣಿಯಲ್ಲಿ ಹತ್ತೊಂಬತ್ತು ವರ್ಷ ದುಡಿದು, ಅಲ್ಲಿನ ಹತ್ತಿಯ ಜುಂಗನ್ನೆಲ್ಲ ಎದೆಯೊಳಗೆ ತುಂಬಿಕೊಂಡು ಮನೆ ಸೇರಿದ್ದಳು. ಮೆಟ್ಟಿಲು ಹತ್ತುವಾಗ ನಾಲ್ಕಕ್ಕೊಮ್ಮೆ ನಿಲ್ಲುತ್ತಿದ್ದಳು. ಯಾರಾದರೂ ಎದುರು ಬಂದರೆ ಸೀರೆಯ ನೆರಿಗೆ ಸರಿಮಾಡಿಕೊಳ್ಳುವವಳಂತೆ ನಟಿಸುತ್ತಿದ್ದಳು.

ಎದೆರೋಗದ ಆಸ್ಪತ್ರೆಯ ವೈದ್ಯರು ಸುತ್ತಿ ಬಳಸಿ ಮಾತಾಡುವವರಲ್ಲ. “ಔಷಧಿ ಅರ್ಧ ಕೆಲಸ ಮಾಡುತ್ತೆ, ಉಳಿದರ್ಧ ಗಾಳಿ ಮಾಡಬೇಕು. ಈಗಿರೋ ಕಡೆನೇ ಇದ್ರೆ ಎರಡು ವರ್ಷ ಅಂದ್ಕೊಳ್ಳಿ. ಹೊಗೆ ಧೂಳು ಇಲ್ಲದ ಕಡೆ ಮನೆ ಮಾಡಿ, ಇನ್ನೂ ಹತ್ತು ವರ್ಷ ನಿಮ್ಮನ್ನ ಗದರಿಸಿಕೊಂಡು ಇರ್ತಾರೆ” ಎಂದರು. ಅಂಚೆಯಣ್ಣ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಆ ಹತ್ತು ವರ್ಷವನ್ನು ಗಟ್ಟಿಯಾಗಿ ಹಿಡಿದುಕೊಂಡ. ಮನೆ ಕೊಳ್ಳುವುದೆಂದು ಅಲ್ಲೇ ತೀರ್ಮಾನವಾಯಿತು. ಎಲ್ಲಿ ಎಂಬುದನ್ನು ಅವನು ಯೋಚಿಸಬೇಕಾಗಿಯೇ ಇರಲಿಲ್ಲ.

ಆ ಬೀದಿಯೆಂದರೆ ಅವನಿಗೆ ಅಂಥ ಮೋಹ. ಒಂದು ಕಡೆ ಎಂಟು ಮನೆ, ಇನ್ನೊಂದು ಕಡೆ ಏಳು. ಕೊನೆಗೊಂದು ಎತ್ತರದ ಗೋಡೆ, ಅಲ್ಲಿಗೆ ದಾರಿ ಮುಗಿಯುತ್ತದೆ. ಹನ್ನೊಂದು ಗಂಟೆಗೆ ಹೋದರೆ ಪ್ರತಿ ಮನೆಯ ಮುಂದೂ ನೆಲ ತೊಳೆದು ಇನ್ನೂ ಹಸಿಯಾಗಿರುತ್ತಿತ್ತು. ಬರೀ ನೆಲವಲ್ಲ, ಗೇಟು, ಕಿಟಕಿಯ ಸರಳು, ಕುಂಡದ ಗಿಡದ ಎಲೆಗಳನ್ನು ಸಹ ಒರೆಸಿಡುತ್ತಿದ್ದರು. ಎಂಥ ಶುಚಿ ಜನ ಎಂದುಕೊಳ್ಳುತ್ತಿದ್ದ. ಬೇರೆ ಬೀದಿಗಳಲ್ಲಿ ಒಳಲಂಗದಿಂದ ಹಿಡಿದು ಬನಿಯನ್ನಿನವರೆಗೆ ಎಲ್ಲವೂ ಹೊರಗೆ ಹಗ್ಗದ ಮೇಲೆ ನೇತಾಡುತ್ತವೆ. ಇಲ್ಲಿ ಒಂದು ಕರವಸ್ತ್ರವೂ ಕಾಣುತ್ತಿರಲಿಲ್ಲ. ಮಾನಮರ್ಯಾದೆ ಇರುವ ಜನ ಎಂದುಕೊಂಡ. ಕಿಟಕಿಗಳು ಸದಾ ಮುಚ್ಚಿದ್ದವು. ಇನ್ನೊಬ್ಬರ ಮನೆಗೆ ಇಣುಕದವರು ಎಂದುಕೊಂಡ. ಎದೆರೋಗದ ಆಸ್ಪತ್ರೆಯ ಕಂದು ಲಕೋಟೆಗಳು ಈ ಬೀದಿಗೆ ಹೆಚ್ಚು ಬರುತ್ತಿದ್ದವು. ಓದು ಬರಹ ಬಲ್ಲವರು, ಕಾಲಕಾಲಕ್ಕೆ ಪರೀಕ್ಷೆ ಮಾಡಿಸಿಕೊಳ್ಳುತ್ತಾರೆ, ನಮ್ಮ ಹಾಗೆ ಕೈಮೀರಿದ ಮೇಲೆ ಓಡುವವರಲ್ಲ ಎಂದು ಅದಕ್ಕೂ ಒಂದು ಹೊಗಳಿಕೆ ಸಿದ್ಧವಿತ್ತು.

ಕೊನೆಯ ಗೋಡೆಯಾಚೆ ಏನಿದೆಯೆಂದು ಅವನಿಗೆ ತಿಳಿಯದು. ಅದರ ಬಾಗಿಲು ಆ ಕಡೆಯ ದೊಡ್ಡ ರಸ್ತೆಗೆ. ಆ ರಸ್ತೆ ಏಳನೇ ಬೀಟು, ಬೇರೊಬ್ಬ ಅಂಚೆಯವನ ಪಾಲು. ಇವನದು ನಾಲ್ಕನೇ ಬೀಟು. ಇನ್ನೊಬ್ಬರ ಬೀಟಿನ ಉಸಾಬರಿಗೆ ಹೋಗದಿರುವುದು ಅಂಚೆಯವರಲ್ಲಿ ಒಂದು ಮರ್ಯಾದೆ.

ಆ ಬೀದಿಯ ಆರನೇ ಮನೆಯಲ್ಲಿ ನಿವೃತ್ತ ಲೆಕ್ಕದ ಮೇಷ್ಟ್ರೊಬ್ಬರಿದ್ದರು. ಒಂದು ದಿನ ಕಾಗದಕ್ಕೆ ಸಹಿ ಹಾಕುತ್ತಾ, “ಮನೆ ಮಾರ್ತಿದ್ದೀನಿ. ನಿಮಗೆ ಯಾರಾದ್ರೂ ಗೊತ್ತಿದ್ರೆ ಹೇಳಿ” ಎಂದರು.

“ಬೇರೆಯವರು ಯಾಕೆ ಮೇಷ್ಟ್ರೇ? ನನಗೇ ಬೇಕು. ಹೆಂಡತಿ ಎದೆ ಕೆಟ್ಟಿದೆ, ಒಳ್ಳೇ ಗಾಳಿ ಬೇಕು ಅಂದಿದ್ದಾರೆ ಡಾಕ್ಟ್ರು” ಎಂದ ಅಂಚೆಯಣ್ಣ. ಮೇಷ್ಟ್ರು ಅವನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ಏನೋ ಹೇಳಲು ಬಾಯಿ ತೆರೆದವರು, ಪೆನ್ನಿನ ಮುಚ್ಚಳ ಹಾಕಿ ಅವನ ಕೈಗೆ ಕೊಟ್ಟರು.

ಹೆಂಡತಿಗೆ ಹೇಳಿದಾಗ ಅವಳ ಮುಖ ಅರಳಿತು. ಆದರೆ ಅವಳು ಗಿರಣಿಯಲ್ಲಿ ಮೂರು ಪಾಳಿಯಲ್ಲೂ ದುಡಿದವಳು. ಬೆಳಗಿನ ಪಾಳಿಯ ಗಿರಣಿಯೇ ಬೇರೆ, ಸಂಜೆಯ ಪಾಳಿಯ ಗಿರಣಿಯೇ ಬೇರೆ ಎಂದು ಕಂಡವಳು. “ಒಂದು ಸಂಜೆ ಹೋಗಿ ಅಲ್ಲಿ ಸುಮ್ಮನೆ ಕೂತು ಬರೋಣ್ವಾ?” ಎಂದು ಕೇಳಿದಳು.

“ಇಪ್ಪತ್ತಾರು ವರ್ಷ ನೋಡಿದ್ದೀನಿ ಕಣೇ. ಇನ್ನೊಂದು ಸಂಜೆಯಲ್ಲಿ ಏನು ಹೊಸದಾಗಿ ಕಾಣುತ್ತೆ?”

ಅಂದು ಅವಳ ತಮ್ಮ, ಟೆಂಪೋ ಓಡಿಸುವವನು, ಊಟಕ್ಕೆ ಬಂದಿದ್ದ. ಅವನೂ ಬಾಯಿ ಹಾಕಿದ. “ಅಕ್ಕ ಹೇಳೋದು ಸರಿ ಭಾವ. ನಾನು ಹಳೇ ಗಾಡಿ ತಗೋಬೇಕಾದ್ರೂ ತಣ್ಣಗಿದ್ದಾಗ ಒಂದ್ಸಲ, ಬಿಸಿ ಆದಮೇಲೆ ಒಂದ್ಸಲ ಓಡಿಸಿ ನೋಡ್ತೀನಿ.”

“ಅದು ಗಾಡಿ, ಇದು ಮನೆ. ನೀನು ಬಂದು ನನಗೆ ಬೀದಿ ತೋರಿಸ್ತೀಯಾ?” ಎಂದು ಅಂಚೆಯಣ್ಣ ಗದರಿದ. ಭಾವಮೈದುನ ತಟ್ಟೆ ನೋಡುತ್ತಾ ಉಂಡು ಎದ್ದ. ಕೊನೆಗೊಂದು ದಿನ ರಜೆ ಹಾಕಿ ಹೆಂಡತಿಯನ್ನು ಆಟೋದಲ್ಲಿ ಕರೆದುಕೊಂಡು ಹೋಗಿ ಮನೆ ತೋರಿಸಿದ್ದೂ ಆಯಿತು. ಎಷ್ಟು ಗಂಟೆಗೆ ಎಂದು ಬೇರೆ ಹೇಳಬೇಕೇ? ಅಭ್ಯಾಸಬಲ, ಅವನ ಕಾಲಿಗೆ ಬೇರೆ ಹೊತ್ತು ಗೊತ್ತಿರಲಿಲ್ಲ. ಹಸಿ ನೆಲ, ಒರೆಸಿದ ಎಲೆ, ಮುಚ್ಚಿದ ಕಿಟಕಿ, ಒಂದು ಸದ್ದಿಲ್ಲ. ಅವಳು ಅಂಗಳದಲ್ಲಿ ನಿಂತು ಎರಡು ಸಲ ಉದ್ದಕ್ಕೆ ಉಸಿರೆಳೆದುಕೊಂಡಳು, ಕೆಮ್ಮು ಬರಲಿಲ್ಲ. ಅಷ್ಟು ಸಾಕಾಯಿತು. ಅವನ ಜೀವಮಾನದ ಉಳಿತಾಯ, ಅವಳ ಗಿರಣಿಯವರು ಕೊಟ್ಟ ಕೊನೆಯ ಇಡಿಗಂಟು, ಎರಡೂ ಆ ಮನೆಗೆ ಹೋದವು.

ಸಾಮಾನು ಸಾಗಿಸಿದ ದಿನ ಎಲ್ಲ ಇಳಿಸಿ ಮುಗಿಯುವಾಗ ಮಧ್ಯಾಹ್ನ ದಾಟಿತ್ತು. ಹೆಂಡತಿ ಇದ್ದಬದ್ದ ಕಿಟಕಿಗಳನ್ನೆಲ್ಲ ತೆಗೆದಿಟ್ಟು, ಚಾಪೆ ಹಾಸಿ ಒರಗಿಕೊಂಡಿದ್ದಳು. ಮೂರು ಗಂಟೆಗೆ ಗೋಡೆಯಾಚೆ ಸೈರನ್ ಕೂಗಿತು. ಅದರ ಹಿಂದೆಯೇ ನೆಲ ಸಣ್ಣಗೆ ನಡುಗತೊಡಗಿತು. ಪಾತ್ರೆಗಳ ಗೋಣಿಚೀಲದೊಳಗೆ ಲೋಟಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು. ಅಂಚೆಯಣ್ಣ ಹೊರಗೆ ಬಂದು ನೋಡಿದ. ಬೀದಿಯ ಅಷ್ಟೂ ಮನೆಗಳ ಬಾಗಿಲು ಮುಚ್ಚಿದ್ದವು. ಗೋಡೆಯ ಮೇಲಿನಿಂದ ಬಿಳಿಯ ಪುಡಿ ಮೆಲ್ಲಗೆ ಎದ್ದು, ಯಾವ ಅವಸರವೂ ಇಲ್ಲದೆ, ಬೀದಿಯ ಮೇಲೆಲ್ಲ ಕೂರುತ್ತಿತ್ತು.

ಒಳಗಿನಿಂದ ಕೆಮ್ಮು ಕೇಳಿತು. ಕಿಟಕಿ ಮುಚ್ಚಲು ಅವನು ಓಡಿದ.

ಕಲ್ಲು ಅರೆಯುವ ಗಿರಣಿ. ಬೆಳಿಗ್ಗೆಯೆಲ್ಲ ಲಾರಿ ತುಂಬುತ್ತಾರೆ, ಯಂತ್ರಕ್ಕೆ ಎಣ್ಣೆ ಹಾಕುತ್ತಾರೆ. ಅರೆಯುವಷ್ಟು ವಿದ್ಯುತ್ತು ಅದಕ್ಕೆ ಸಿಗುವುದು ಮೂರರ ಮೇಲೆ. ಆಮೇಲೆ ಮಲಗುವ ಹೊತ್ತಿನವರೆಗೂ ಅರೆಯುತ್ತದೆ. ಇದನ್ನೆಲ್ಲ ಮರುದಿನ ಬೆಳಿಗ್ಗೆ ಹೇಳಿದವಳು ಪಕ್ಕದ ಮನೆಯ ಹೊಲಿಗೆಯಕ್ಕ. ಮನೆಯಲ್ಲೇ ಯಂತ್ರವಿಟ್ಟುಕೊಂಡು ಬಟ್ಟೆ ಹೊಲಿಯುವ ಹೆಂಗಸು. ಹೇಳುವಾಗಲೂ ಕೊಡದಿಂದ ಗೇಟಿಗೆ ನೀರು ಹುಯ್ಯುತ್ತಿದ್ದಳು. “ಬೆಳಿಗ್ಗೆನೇ ತೊಳೆದುಬಿಡಿ ಅಣ್ಣ, ಒಣಗಿದ್ರೆ ಗಟ್ಟಿ ಹಿಡ್ಕೊಳ್ಳುತ್ತೆ. ಬಟ್ಟೆ ಮಾತ್ರ ಒಳಗೇ ಒಣಗಿಸಿ.”

“ಒಂದು ಮಾತು ಹೇಳಬಹುದಿತ್ತಲ್ಲ ಅಕ್ಕ.”

“ಯಾರು ಹೇಳ್ತಾರೆ? ಎಲ್ಲರೂ ಮಾರೋಕೆ ಕಾಯ್ತಿರೋರೇ” ಎಂದು ಅವಳು ಕೊಡ ಎತ್ತಿಕೊಂಡಳು.

ಅಂದಿನಿಂದ ಅಂಚೆಯಣ್ಣನೂ ಬೆಳಿಗ್ಗೆ ಆರಕ್ಕೆ ಎದ್ದು ನೆಲ ತೊಳೆದ, ಗೇಟು ಒರೆಸಿದ, ಎಲೆ ಒರೆಸಿದ. ತಾನು ಹೊಗಳಿದ್ದನ್ನೆಲ್ಲ ಒಂದೊಂದಾಗಿ ತಾನೇ ಮಾಡಿದ. ಕಿಟಕಿ ಸಂದುಗಳಿಗೆ ಹಳೆಯ ಬಟ್ಟೆ ತುರುಕಿದ. ಕಚೇರಿಗಳಿಗೆ ಅರ್ಜಿ ಬರೆದ. ‘ನಿಮ್ಮ ಅರ್ಜಿ ಪರಿಶೀಲನೆಯಲ್ಲಿದೆ’ ಎಂಬ ಉತ್ತರವನ್ನು ತನ್ನ ಚೀಲದಲ್ಲೇ ಹೊತ್ತು ತಂದು ತನಗೇ ಬಟವಾಡೆ ಮಾಡಿಕೊಂಡ. ಇಂಥದೇ ಉತ್ತರಗಳನ್ನು ಈ ಬೀದಿಗೆ ಎಷ್ಟು ತಂದು ಕೊಟ್ಟಿದ್ದೆನೋ ಎಂದು ಆಗ ಹೊಳೆಯಿತು. ಐದು ತಿಂಗಳಲ್ಲಿ ಹೆಂಡತಿ ಅಡುಗೆಮನೆಯಿಂದ ಅಂಗಳಕ್ಕೆ ಬರುವುದನ್ನು ಬಿಟ್ಟಳು. ಏಳು ತಿಂಗಳಾಗುವಾಗ ಮಲಗಿ ನಿದ್ದೆ ಮಾಡುವುದನ್ನೂ ಬಿಟ್ಟಳು, ಕೂತೇ ಕಣ್ಣು ಮುಚ್ಚುತ್ತಿದ್ದಳು. ಒಂದು ದಿನವೂ ಅವನನ್ನು ದೂರಲಿಲ್ಲ. ದೂರಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಅವನಿಗೆ ಸಿಟ್ಟು ತೀರಿಸಿಕೊಳ್ಳಲು ಯಾರಾದರೂ ಬೇಕಿತ್ತು. ಮೇಷ್ಟ್ರ ಹೊಸ ವಿಳಾಸ ಅಂಚೆ ಕಚೇರಿಯಲ್ಲೇ ಇತ್ತು. ಕಾಗದಗಳನ್ನು ಅಲ್ಲಿಗೆ ತಿರುಗಿಸಿ ಕಳಿಸಿ ಎಂದು ಅವರೇ ಬರೆದುಕೊಟ್ಟಿದ್ದರು. ಒಂದು ಭಾನುವಾರ ಬಸ್ಸು ಹತ್ತಿ ಹೋದ. ಊರಾಚೆ, ಮೂರನೇ ಮಹಡಿಯಲ್ಲಿ ಒಂದು ಕೋಣೆಯ ಮನೆ. ಬಾಗಿಲು ತೆರೆದ ಮೇಷ್ಟ್ರು ಅವನನ್ನು ಕಂಡು ಬೆಚ್ಚಲೂ ಇಲ್ಲ. ಕುರ್ಚಿ ತೋರಿಸಿದರು. ಅವನು ಕೂರಲಿಲ್ಲ.

“ನನ್ನ ಕಣ್ಣಿಗೆ ಮಣ್ಣೆರಚಿದ್ರಲ್ಲ ಮೇಷ್ಟ್ರೇ. ನನ್ನ ಹೆಂಡತಿ ಎದೆ ಕೆಟ್ಟಿದೆ ಅಂತ ನಿಮಗೆ ಹೇಳಿದ್ದೆ.”

“ಹೇಳಿದ್ರಿ” ಎಂದರು ಮೇಷ್ಟ್ರು. “ಅವತ್ತು ರಾತ್ರಿ ನಾನು ಊಟ ಮಾಡಲಿಲ್ಲ. ಆದ್ರೆ ಒಂದು ಮಾತು ಹೇಳಿ. ಆರು ವರ್ಷ ನನ್ನ ಹೆಂಡತಿಗೆ ಆಸ್ಪತ್ರೆ ಕಾಗದ ತಂದು ಕೊಟ್ಟಿದ್ದು ಯಾರು?”

ಅಂಚೆಯಣ್ಣ ಕುರ್ಚಿಯ ಬೆನ್ನು ಹಿಡಿದುಕೊಂಡ.

“ತಿಂಗಳಿಗೊಂದು. ನೀವೇ ಕೈಯಲ್ಲಿ ಕೊಟ್ಟು, ನೀವೇ ಸಹಿ ತಗೊಂಡಿದ್ದು. ಒಂದು ದಿನ ಆ ಕಾಗದ ಬರೋದು ನಿಂತುಹೋಯ್ತು. ಯಾಕೆ ನಿಂತಿತು ಮೇಷ್ಟ್ರೇ ಅಂತ ನೀವು ಕೇಳ್ತೀರೇನೋ ಅಂತ ಎಷ್ಟೋ ದಿನ ಗೇಟಿನ ಹತ್ತಿರ ನಿಂತಿದ್ದೀನಿ. ಪಿಂಚಣಿ ಕಾಗದ ಕೊಟ್ಟು, ಸಹಿ ತಗೊಂಡು, ನಿಮ್ಮ ಬೀದಿ ತುಂಬಾ ಚೊಕ್ಕಟ ಅಂತ ಹೇಳಿ ಹೋದ್ರಿ. ಇಷ್ಟು ಗೊತ್ತಿದ್ದೂ ಮನೆ ತಗೊಳ್ತಿದ್ದಾರೆ ಅಂದ್ರೆ ಇವರಿಗೆ ಏನೋ ಲೆಕ್ಕ ಇರಬೇಕು ಅಂತ ನನಗೆ ನಾನೇ ಹೇಳಿಕೊಂಡೆ.” ಮೇಷ್ಟ್ರ ದನಿ ಅಲ್ಲಿಗೆ ಒಡೆಯಿತು. “ಅದು ಸುಳ್ಳು ಅಂತ ನನಗೂ ಗೊತ್ತಿತ್ತು.”

ಗೋಡೆಯ ಮೇಲೆ ಒಬ್ಬ ಹೆಂಗಸಿನ ಚಿತ್ರವಿತ್ತು. ಆ ಮುಖವನ್ನು ಅವನು ಗೇಟಿನ ಸರಳುಗಳ ನಡುವೆ ನೂರಾರು ಸಲ ನೋಡಿದ್ದ. ಆಕೆ ಇಲ್ಲವೆಂದು ಈ ಕ್ಷಣದವರೆಗೂ ಅವನಿಗೆ ತಿಳಿದಿರಲಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ತನ್ನ ಮೇಲೆ ತನಗೇ ಅಸಹ್ಯವಾಯಿತು. ಬೇರೆಯವರ ಕಾಗದ ಓದಬಾರದು ಎನ್ನುವುದು ಅಂಚೆಯವನ ನೇಮ, ಸರಿ. ಎದುರು ನಿಂತ ಮುಖವನ್ನೂ ಓದಬಾರದೆಂದು ಯಾರೂ ಹೇಳಿರಲಿಲ್ಲ.

ಆಸ್ಪತ್ರೆಯಲ್ಲಿ ಈ ಸಲ ವೈದ್ಯರು ಹತ್ತು ವರ್ಷದ ಮಾತೆತ್ತಲಿಲ್ಲ. “ಮಳೆಗಾಲದೊಳಗೆ ಅಲ್ಲಿಂದ ಏಳಿಸಿ” ಎಂದಷ್ಟೇ ಹೇಳಿದರು. ಏಳಿಸುವುದೆಂದರೆ ಮನೆ ಮಾರಬೇಕು. ಕೈಯಲ್ಲಿದ್ದದ್ದೆಲ್ಲ ಆ ಗೋಡೆಗಳೊಳಗೇ ಸೇರಿತ್ತು, ಬೇರೆ ದಾರಿಯಿರಲಿಲ್ಲ. ಟೆಂಪೋದ ತಮ್ಮ ತನ್ನ ಒಂದೇ ಕೋಣೆಯಲ್ಲಿ ಮೂರು ಮಕ್ಕಳ ಜೊತೆ ಅಕ್ಕನಿಗೂ ಜಾಗ ಮಾಡುತ್ತೇನೆಂದ. ಅದೂ ಬಸ್ ನಿಲ್ದಾಣದ ಹಿಂದೆಯೇ ಇತ್ತು.

“ಮಾರೋದು ಕಷ್ಟ ಏನಲ್ಲ ಅಣ್ಣ” ಎಂದಳು ಹೊಲಿಗೆಯಕ್ಕ. “ಹನ್ನೊಂದಕ್ಕೆ ಬರೋಕೆ ಹೇಳಿ. ಒಂದಕ್ಕೆಲ್ಲ ಕಳಿಸಿಬಿಡಿ. ನಾವೆಲ್ಲ ಬಾಯಿಗೆ ಬೀಗ ಹಾಕ್ಕೊಂಡಿರ್ತೀವಿ. ನಾಳೆ ನಮ್ಮದಕ್ಕೂ ಜನ ಬರಬೇಕಲ್ಲ.”

ಬಂದವರು ಗಂಡ ಹೆಂಡತಿ. ಅವನು ಬಸ್ ಚಾಲಕ, ಅವಳಿಗೆ ಏಳು ತಿಂಗಳು. ಅಂಚೆಯಣ್ಣ ಅಂದು ನಾಲ್ಕು ಗಂಟೆಗೇ ಎದ್ದು ಎಲ್ಲವನ್ನೂ ತೊಳೆದಿಟ್ಟಿದ್ದ. ಹೆಂಡತಿಯನ್ನು ಒಳಕೋಣೆಯಲ್ಲಿ ಕೂರಿಸಿ, ಕೈಗೆ ಬಿಸಿನೀರಿನ ಲೋಟ ಕೊಟ್ಟು, “ಅವರು ಹೋಗೋ ತನಕ ಕೆಮ್ಮು ಸ್ವಲ್ಪ ತಡಕೊಳ್ಳೇ” ಎಂದು ಬಾಗಿಲು ಮುಂದೆ ಮಾಡಿದ್ದ.

ಬಸುರಿ ಹುಡುಗಿ ಅಂಗಳದಲ್ಲಿ ನಿಂತು, ಎಲೆ ಮುಟ್ಟಿ, “ಎಷ್ಟು ಚೊಕ್ಕಟ ಅಲ್ವಾ ರೀ?” ಎಂದಳು. ಚಾಲಕ ಕೈಕಟ್ಟಿ ನಿಂತು ನಕ್ಕ. “ನಾವಿರೋದು ಡಿಪೋ ಹಿಂದೆ. ಬರೀ ಹೊಗೆ. ಮಗು ಬರೋ ಹೊತ್ತಿಗೆ ಒಳ್ಳೇ ಗಾಳಿ ಇರೋ ಕಡೆ ಹೋಗೋಣ ಅಂತ. ನೀವು ಊರೆಲ್ಲ ತಿರುಗೋರು ಅಣ್ಣ. ಅಂಚೆಯವರೇ ಆರಿಸಿ ತಗೊಂಡ ಬೀದಿ ಅಂದ್ರೆ ನಾನು ಮತ್ತೆ ಇನ್ನೇನು ನೋಡಲಿ? ಗಾಳಿ ಹೇಗಿದೆ ಇಲ್ಲಿ?”

ಅಂಚೆಯಣ್ಣ ಒಳಕೋಣೆಯ ಬಾಗಿಲು ನೋಡಿದ. ಮಳೆಗಾಲಕ್ಕೆ ಇನ್ನು ಒಂದೂವರೆ ತಿಂಗಳಿತ್ತು.

“ಗಾಳಿಗೇನು, ಚೆನ್ನಾಗಿದೆ” ಎಂದ.

ಬಾಗಿಲು ತೆರೆಯಿತು. ಹೆಂಡತಿ ಚೌಕಟ್ಟು ಹಿಡಿದು ನಿಂತಿದ್ದಳು. ಅಷ್ಟು ಹೊತ್ತು ತಡೆದದ್ದಕ್ಕೆ ಅವಳ ಕಣ್ಣೆಲ್ಲ ನೀರಾಗಿತ್ತು, ತುಟಿ ನೀಲಿಯಾಗಿತ್ತು. ಗೋಡೆ ಹಿಡಿದುಕೊಂಡು ಬಂದು, ಬಸುರಿಯ ಪಕ್ಕದ ಕುರ್ಚಿಯಲ್ಲಿ ಕೂತಳು. ಉಸಿರು ಕೂಡಿಸಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು.

“ಕೂತ್ಕೊ ಮಗಳೇ. ಊಟ ಮಾಡ್ಕೊಂಡು ಹೋಗಿ. ಮೂರು ಗಂಟೆ ತನಕ ಇರಿ” ಎಂದಳು. ಆಮೇಲೆ ಕೆಮ್ಮಿದಳು. ತಡೆದಿಟ್ಟ ಕೆಮ್ಮೆಲ್ಲ ಒಟ್ಟಿಗೆ ಬಂತು. ಹುಡುಗಿ ಅವಳ ಬೆನ್ನು ನೀವುತ್ತಾ ಗಂಡನ ಮುಖ ನೋಡಿದಳು.

ಅವರು ಕೂತರು. ನಾಲ್ವರೂ ಅನ್ನ ಸಾರು ಉಂಡರು. ಅಂಚೆಯಣ್ಣ ತಲೆಯೆತ್ತಲಿಲ್ಲ. ಮೂರು ಗಂಟೆಗೆ ಸೈರನ್ ಕೂಗಿತು, ತೊಳೆಯಲಿಟ್ಟ ಲೋಟಗಳು ಸದ್ದು ಮಾಡಿದವು. ಚಾಲಕ ಕಿಟಕಿಯ ಸಂದಿನ ಬಟ್ಟೆ ಎಳೆದು ಹೊರಗೆ ನೋಡಿದ, ಮತ್ತೆ ಅದನ್ನು ಅಲ್ಲೇ ತುರುಕಿದ. ಹೆಂಡತಿಯ ಮೂಗಿಗೆ ಸೆರಗು ಹಿಡಿಸಿ ಅವಸರದಿಂದ ಹೊರಟ. ಗೇಟಿನ ಹತ್ತಿರ ತಿರುಗಿ, “ನೀವು ಅಂಚೆಯವರು ಅಂತ ನಂಬಿದ್ದೆ” ಎಂದ.

ಅವರು ಹೋದ ಮೇಲೆ ಅಂಚೆಯಣ್ಣ ಹೆಂಡತಿಯ ಮುಂದೆ ನೆಲದ ಮೇಲೆ ಕೂತ. “ಯಾಕೆ ಹೀಗೆ ಮಾಡಿದೆ? ನಿನಗೋಸ್ಕರ ತಾನೇ ನಾನು…”

“ಗೊತ್ತು” ಎಂದಳು. “ನಾನು ಬಾಗಿಲ ಸಂದಿಂದ ಅವಳ ಹೊಟ್ಟೆ ನೋಡಿದೆ ರೀ. ನೀವು ನೋಡಲಿಲ್ಲ.”

ಅವನು ಅವಳ ಮಡಿಲಲ್ಲಿ ಮುಖವಿಟ್ಟು ಅತ್ತ. ಅವಳು ಅವನ ತಲೆಯ ಮೇಲೆ ಕೂತಿದ್ದ ಬಿಳಿ ಪುಡಿಯನ್ನು ಮೆಲ್ಲಗೆ ಕೊಡವಿದಳು.

ಮರುದಿನದಿಂದ ಬೀದಿಯವರು ಅವರೊಡನೆ ಮಾತು ಬಿಟ್ಟರು. ಹೊಲಿಗೆಯಕ್ಕ ನೀರು ಹುಯ್ಯುವಾಗ ಬೆನ್ನು ತಿರುಗಿಸಿಕೊಂಡೇ ಹುಯ್ದಳು. ಒಂದು ವಾರ ಕಳೆದ ಮೇಲೆ, ಹನ್ನೊಂದಕ್ಕೆ, ಅಂಚೆಯಣ್ಣ ಚೀಲ ಹೊತ್ತು ಬೀದಿಗೆ ಕಾಲಿಟ್ಟ. ಕಂದು ಲಕೋಟೆ ಎರಡಿದ್ದವು. ಒಂದು ಆರನೇ ಮನೆಗೆ, ಅವನ ಹೆಂಡತಿಯ ಹೆಸರಿಗೆ. ಇದೊಂದನ್ನು ಒಡೆಯುವ ಹಕ್ಕು ಅವನಿಗಿತ್ತು. ಒಡೆಯಲಿಲ್ಲ. ಅದರಲ್ಲಿ ಏನಿದೆಯೆಂದು ಈಗ ಅವನಿಗೆ ತಿಳಿದಿತ್ತು. ಅಂಗಿಯ ಒಳಜೇಬಿಗೆ ಇಳಿಸಿದ.

ಇನ್ನೊಂದು ಪಕ್ಕದ ಮನೆಗೆ. ಹೊಲಿಗೆಯಕ್ಕ ಗೇಟಿಗೆ ಬಂದು, ಮುಖ ಬೇರೆ ಕಡೆ ತಿರುಗಿಸಿ, ಸಹಿ ಹಾಕಲು ಕೈ ಚಾಚಿದಳು. ಈ ಮನೆಗೂ ಮೂರು ವರ್ಷದಿಂದ ಈ ಲಕೋಟೆ ಬರುತ್ತಿತ್ತು. ಅವನು ಪೆನ್ನು ಕೊಡದೆ ನಿಂತ.

“ಯಾರಿಗೆ ಹುಷಾರಿಲ್ಲ ಅಕ್ಕ?” ಎಂದು ಕೇಳಿದ.

ಅವಳು ತಿರುಗಿ ನೋಡಿದಳು. ಕೈ ಚಾಚಿದ್ದು ಹಾಗೇ ಇತ್ತು.

“ನನ್ನ ಮಗಳಿಗೆ” ಎಂದಳು. “ಒಂಬತ್ತು ವರ್ಷದವಳು.”

ಅಂಚೆಯಣ್ಣ ಚೀಲವನ್ನು ಹೆಗಲಿಂದ ಇಳಿಸಿ ಹಸಿ ನೆಲದ ಮೇಲಿಟ್ಟ. ಮುಂದಿನ ಬೀದಿಗೆ ಅಂದು ಅಂಚೆ ತಡವಾಗಿ ಹೋಯಿತು.